ನಿನ್ನನ್ನು ಯಾತಕ್ಕೆ ಕರೆಯುತ್ತಾರೆ?

ಫಲಿತಾಂಶ ಬಂದಾಗಿನಿಂದ ಕಂಡವರೆಲ್ಲ ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಮುಂದೇನು?" ಚಿಕ್ಕಪ್ಪ ಕೇಳುತ್ತಾರೆ, ಹಾಲಿನವನು ಕೇಳುತ್ತಾನೆ, ನೀನು ಯಾವ ತರಗತಿ ಅಂತಲೂ ಗೊತ್ತಿಲ್ಲದ ದೂರದ ನೆಂಟರು ಮದುವೆಮನೆಯಲ್ಲಿ ಕೈಹಿಡಿದು ನಿಲ್ಲಿಸಿ ಕೇಳುತ್ತಾರೆ. ನೀನು ಮೆಡಿಕಲ್ ಅಂತಲೋ, ಕಂಪ್ಯೂಟರ್ ಸೈನ್ಸ್ ಅಂತಲೋ ಒಂದು ಉತ್ತರ ಎಸೆದು ತಪ್ಪಿಸಿಕೊಳ್ಳುತ್ತೀಯ. ಯಾಕೆ ಅದೇ ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೀಯ. ಗೆಳೆಯ ತೆಗೆದುಕೊಂಡ, ಅಂಕ ಬಂದಿತ್ತು, ಅಪ್ಪ ಬೇಡ ಅನ್ನಲಿಲ್ಲ. ಇಷ್ಟೇ ತಾನೇ? ಇರಲಿ ಬಿಡು, ಮುಖ ಸಣ್ಣ ಮಾಡಿಕೊಳ್ಳಬೇಡ. ಹೈಸ್ಕೂಲು ಮಕ್ಕಳ ನಡುವೆಯೇ ತಲೆ ನರೆಸಿಕೊಂಡ ಮೇಷ್ಟ್ರು ನಾನು. ಇದಕ್ಕಿಂತ ಗಟ್ಟಿ ಕಾರಣ ಹೇಳಿದವರು ನಿನ್ನ ವಯಸ್ಸಿನಲ್ಲಿ ಬಹಳ ಮಂದಿ ಸಿಕ್ಕಿಲ್ಲ.

ನಾನು ಕೇಳುವುದು ಬೇರೆ. ಮನೆಯಲ್ಲಿ, ಬೀದಿಯಲ್ಲಿ, ಕಾಲೇಜಿನಲ್ಲಿ ನಿನ್ನನ್ನು ಯಾತಕ್ಕೆ ಕರೆಯುತ್ತಾರೆ?

ಸ್ವಲ್ಪ ಯೋಚಿಸಿ ಹೇಳು. ಮಿಕ್ಸಿ ಕೆಟ್ಟರೆ ಕರೆಯುತ್ತಾರೋ, ಅಜ್ಜಿ ಮುನಿಸಿಕೊಂಡು ಊಟ ಬಿಟ್ಟರೆ ಎಬ್ಬಿಸಿಕೊಂಡು ಬಾ ಎಂದು ಕಳಿಸುತ್ತಾರೋ? ಟೂರ್ ಹೋದಾಗ ದುಡ್ಡಿನ ಲೆಕ್ಕ ನಿನ್ನ ಕೈಗೇ ಬರುತ್ತದೋ? ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯರು ನಿನಗೆ ಫೋನ್ ಮಾಡುವುದು ನೋಟ್ಸ್ ಕಳಿಸು ಎಂದೋ, ಈ ಲೆಕ್ಕ ಅರ್ಥವಾಗುವ ಹಾಗೆ ಹೇಳು ಎಂದೋ, ಇಲ್ಲ ಸುಮ್ಮನೆ ಭಯವಾಗ್ತಿದೆ, ಐದು ನಿಮಿಷ ಮಾತಾಡು ಎಂದೋ? ಮೂರೂ ಫೋನೇ. ಆದರೆ ಮೊದಲನೆಯದು ಅಚ್ಚುಕಟ್ಟಿಗೆ ಬಂದದ್ದು, ಎರಡನೆಯದು ವಿವರಿಸುವ ಬುದ್ಧಿಗೆ, ಮೂರನೆಯದು ನಿನ್ನ ನೆಮ್ಮದಿಯ ಸ್ವಭಾವಕ್ಕೆ. ಈ ಮೂರಕ್ಕೂ ಲೋಕದಲ್ಲಿ ಬೇರೆ ಬೇರೆ ಕೆಲಸಗಳಿವೆ, ಬೇರೆ ಬೇರೆ ಸಂಬಳವೂ ಇದೆ.

ನಿನಗೆ ಉತ್ತರ ಥಟ್ಟನೆ ಹೊಳೆಯುವುದಿಲ್ಲ ಅನ್ನುವುದೂ ಗೊತ್ತು. ಸುಲಭವಾಗಿ ಬರುವುದನ್ನು ನೀನು ಲೆಕ್ಕಕ್ಕೇ ಇಟ್ಟಿಲ್ಲ. ಕಷ್ಟಪಟ್ಟು ಬಂದದ್ದು ಮಾತ್ರ ವಿದ್ಯೆ, ತಾನಾಗಿ ಬಂದದ್ದು ಏನು ಮಹಾ ಅನ್ನುವುದು ನಿನ್ನ ಎಣಿಕೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಮಾತು ಊರವರಿಗಿಂತ ಹೆಚ್ಚಾಗಿ ನಿನಗೇ ಅನ್ವಯಿಸುತ್ತದೆ. ನಿನಗೆ ಸಲೀಸಾದದ್ದು ಎಲ್ಲರಿಗೂ ಸಲೀಸು ಅಂದುಕೊಂಡಿದ್ದೀಯ. ಅಲ್ಲ ಮಗೂ. ಅದನ್ನೇ ಮಾಡಲು ನಿನ್ನ ಪಕ್ಕದವನು ಬೆವರು ಸುರಿಸುತ್ತಿರುತ್ತಾನೆ, ನೀನು ಗಮನಿಸಿಲ್ಲ ಅಷ್ಟೇ.

ನಮ್ಮ ಪೈಕಿ ಒಬ್ಬ ಹುಡುಗನಿದ್ದಾನೆ. ಪಿಯುಸಿಯಲ್ಲಿ ಗಣಿತ ಕೈಕೊಟ್ಟಿತ್ತು, ಮನೆಯಲ್ಲಿ ಮುಖ ತೋರಿಸಲಾಗದೆ ಒದ್ದಾಡುತ್ತಿದ್ದ. ಆ ವರ್ಷವೇ ಅವನ ಅಕ್ಕನ ಮದುವೆ. ಎರಡನೇ ಪಂಕ್ತಿ ಕೂತಾಗ ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದುಬಿಟ್ಟರು. ಅಡುಗೆಯವರು ಕೈಚೆಲ್ಲಿದರು, ಹಿರಿಯರು ಒಬ್ಬರ ಮೇಲೊಬ್ಬರು ರೇಗಾಡತೊಡಗಿದರು. ಈ ಹುಡುಗ ಒಂದು ಮಾತೂ ಆಡಲಿಲ್ಲ. ಒಳಗೆ ಹೋಗಿ ಕೊಳದಪ್ಪಲೆಯ ಮುಚ್ಚಳ ತೆಗೆದು ಅನ್ನ ಎಷ್ಟಿದೆ ನೋಡಿದ. ಬಡಿಸುವವರಿಗೆ ಚಿತ್ರಾನ್ನ ಇನ್ನೊಂದು ಸುತ್ತು ಹಾಕಿ, ಸಾರು ನಿಧಾನ ಮಾಡಿ ಎಂದ. ಹೊಸ ಅಕ್ಕಿ ಇಡಲು ಹೇಳಿ, ಅದು ಬೇಯುವ ಹೊತ್ತಿಗೆ ಸರಿಯಾಗುವಂತೆ ಹೋಳಿಗೆ, ತುಪ್ಪವನ್ನು ಮುಂದಕ್ಕೆ ತಳ್ಳಿದ. ಇದರ ನಡುವೆ, ಸಾಲಿನ ಕೊನೆಯಲ್ಲಿ ಹಲ್ಲಿಲ್ಲದ ಒಬ್ಬರು ಅಜ್ಜಿ ಹೋಳಿಗೆ ಮುಟ್ಟದೆ ಕೂತದ್ದು ಕಣ್ಣಿಗೆ ಬಿದ್ದು, ಒಂದು ಲೋಟ ಬಿಸಿ ಹಾಲು ತಂದು ಅದರ ಮೇಲೆ ಸುರಿದು ಹೋದ. ಆ ಇಡೀ ಛತ್ರದಲ್ಲಿ ಅವನಿಗೆ ಶಹಬ್ಬಾಸ್ ಅಂದವರು ಯಾರೂ ಇಲ್ಲ. "ಓದು ತಲೆಗೆ ಹತ್ತಲಿಲ್ಲ, ಹೀಗೆ ಓಡಾಡಿಕೊಂಡು ಇರ್ತಾನೆ" ಎಂದು ಅವರಪ್ಪನೇ ನನ್ನೆದುರು ನಿಟ್ಟುಸಿರು ಬಿಟ್ಟರು.

ಅಲ್ಲಿ ನಡೆದದ್ದನ್ನು ಇನ್ನೊಮ್ಮೆ ನೋಡು. ಎಷ್ಟಿದೆ, ಎಷ್ಟು ಬೇಕು, ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಅವನಿಗೆ ನಿಂತಲ್ಲೇ ಆಗುತ್ತಿತ್ತು. ಗದ್ದಲದಲ್ಲಿ ತಲೆ ಕೆಡಲಿಲ್ಲ. ನೂರು ಜನರ ನಡುವೆ ಒಬ್ಬರ ಕಷ್ಟ ಕಂಡಿತು. ಹೋಟೆಲು, ಆಸ್ಪತ್ರೆಯ ಆಡಳಿತ, ಸರಕು ಸಾಗಣೆ, ಕಾರ್ಖಾನೆಯ ಉಗ್ರಾಣ, ಎಲ್ಲಿ ಬೇಕಾದರೂ ಇಂಥವರಿಗಾಗಿ ಕಾದು ಕೂತಿರುತ್ತಾರೆ. ಈಗ ಅವನು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಒಂದು ದೊಡ್ಡ ಕ್ಯಾಂಟೀನು ನಡೆಸುತ್ತಿದ್ದಾನೆ. ಗಣಿತ ಬರಲಿಲ್ಲ ಅಂದೆನಲ್ಲ, ದಿನಸಿ ಲೆಕ್ಕದಲ್ಲಿ ಅವನಿಗೆ ಟೋಪಿ ಹಾಕಲು ಒಬ್ಬ ವ್ಯಾಪಾರಿಯಿಂದಲೂ ಆಗಿಲ್ಲ.

ಇನ್ನೊಬ್ಬಳು ನಮ್ಮ ಬೀದಿಯ ಹುಡುಗಿ. ತೋಟದ ಪಂಪ್‌ಸೆಟ್ ಶುರುವಾದರೆ ಸಾಕು, ಶೆಡ್ಡಿನ ಆಚೆ ನಿಂತೇ "ಬೇರಿಂಗ್ ಹೋಗ್ತಾ ಇದೆ" ಅನ್ನುತ್ತಿದ್ದಳು. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಅವಳಿಗೆ ಡಿಪ್ಲೊಮಾ ಓದುವ ಆಸೆ, ಮನೆಯವರಿಗೆ ಪಿಯುಸಿಯೇ ಆಗಬೇಕು. ಡಿಪ್ಲೊಮಾ ಅಂದರೆ ದಡ್ಡರ ದಾರಿ ಅನ್ನುವ ಒಂದು ಅಭಿಪ್ರಾಯ ನಮ್ಮ ಊರುಗಳಲ್ಲಿ ಬೇರುಬಿಟ್ಟಿದೆ ನೋಡು, ಅದನ್ನು ಕಿತ್ತುಹಾಕಬೇಕು. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಡಿಪ್ಲೊಮಾ, ಅಲ್ಲಿಂದ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ನೇರ ಎರಡನೇ ವರ್ಷದ ಬಿ.ಇ. ಬಾಗಿಲು ತೆರೆದೇ ಇರುತ್ತದೆ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರೀಷಿಯನ್ ಎರಡೆರಡು ವರ್ಷ. ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಗೆ ಹೋದರೆ ಟೂಲ್ ಆಂಡ್ ಡೈ ಮೇಕಿಂಗ್ ಕಲಿಸುತ್ತಾರೆ. ಅಲ್ಲಿ ಮೈಕ್ರೋಮೀಟರ್ ಹಿಡಿದು ನೋಡಿದಾಗ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಕೆಲಸ ತಿರಸ್ಕಾರ. ದಡ್ಡರಿಗೆ ಆಗುವ ಕೆಲಸವೇ ಅದು? ಕೈಯಿಂದ ಯೋಚಿಸುವವರು ಅಂತ ಒಂದು ಜಾತಿಯೇ ಇದೆ. ಅವರನ್ನು ಪುಸ್ತಕದ ಮುಂದೆ ಕಟ್ಟಿಹಾಕಿ, ಅಂಕ ಬರಲಿಲ್ಲ ಎಂದು ಬೈಯುವುದು ನಮ್ಮ ಮೇಷ್ಟ್ರುಗಳ ಹಳೆಯ ಚಾಳಿ.

ಬೈಗುಳ ಅಂದದ್ದಕ್ಕೆ ನೆನಪಾಯಿತು. ಕರೆಯುವುದು ಯಾತಕ್ಕೆ ಎಂದು ಹೊಳೆಯದಿದ್ದರೆ, ಬೈಯುವುದು ಯಾತಕ್ಕೆ ಎಂದಾದರೂ ಜ್ಞಾಪಿಸಿಕೊ. ಅದರಲ್ಲಿ ನೀನು ಶ್ರೀಮಂತ, ನನಗೆ ಗೊತ್ತು. "ಎಲ್ಲದರಲ್ಲೂ ತಪ್ಪು ಹುಡುಕ್ತೀಯ" ಎಂದು ಬೈಸಿಕೊಳ್ಳುವವನು ಲೆಕ್ಕ ತಪಾಸಣೆಗೋ, ಸಾಫ್ಟ್‌ವೇರ್ ಟೆಸ್ಟಿಂಗಿಗೋ, ಕರಡು ತಿದ್ದುವುದಕ್ಕೋ ಹೇಳಿ ಮಾಡಿಸಿದವನಿರಬಹುದು. "ಸಿಕ್ಕಸಿಕ್ಕವರ ಹತ್ತಿರ ಹರಟೆ" ಎಂದು ಬೈಸಿಕೊಳ್ಳುವವಳು ಮಾರಾಟದಲ್ಲೋ, ವರದಿಗಾರಿಕೆಯಲ್ಲೋ ಗೆಲ್ಲಬಹುದು. "ಒಂದೇ ಪ್ರಶ್ನೆ ಎಷ್ಟು ಸಲ ಕೇಳ್ತೀಯ" ಅನ್ನಿಸಿಕೊಂಡವರಿಗೆ ಸಂಶೋಧನೆ ಒಗ್ಗೀತು. ಆದರೆ ಇದನ್ನೇ ಹಿಡಿದುಕೊಂಡು "ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತೀಯ ಅಂತ ಬೈತಾರೆ, ಇದು ಯಾವ ಶಕ್ತಿ ತಾತ?" ಎಂದು ನನ್ನ ಹತ್ತಿರ ಬರಬೇಡ. ಅದು ಸೋಮಾರಿತನ. ಅದಕ್ಕೆ ಯಾವ ಕೋರ್ಸೂ ಇಲ್ಲ.

ಈಗ ಸ್ವಲ್ಪ ಕಹಿ ಮಾತು. ಇಷ್ಟ ಬೇರೆ, ಶಕ್ತಿ ಬೇರೆ. ನಿನಗೆ ಕ್ರಿಕೆಟ್ ಇಷ್ಟ, ಸಿನಿಮಾ ಇಷ್ಟ, ತಿನ್ನುವುದು ಇಷ್ಟ. ನೋಡುವುದೂ ತಿನ್ನುವುದೂ ಎಲ್ಲರಿಗೂ ಇಷ್ಟವೇ. ಒಂದು ಕೆಲಸ ನಿನ್ನದೋ ಅಲ್ಲವೋ ತಿಳಿಯಬೇಕಾದರೆ ಅದರ ಚಂದದ ಭಾಗ ನೋಡಬೇಡ, ರಗಳೆಯ ಭಾಗ ನೋಡು. ಯಾರೂ ಚಪ್ಪಾಳೆ ತಟ್ಟದ, ದಿನಾ ಅದೇ ಅದೇ ಮಾಡಬೇಕಾದ ಆ ಅರ್ಧವನ್ನು ನೀನು ಗೊಣಗದೆ ಮಾಡಬಲ್ಲೆಯಾದರೆ ಆ ಕೆಲಸ ನಿನ್ನದು.

ಅನಿಲ್ ಕುಂಬ್ಳೆಯವರನ್ನೇ ತಗೋ. ಬೆಂಗಳೂರಿನ ಹುಡುಗ, ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಲೆಗ್ ಸ್ಪಿನ್ನರ್ ಅಂದಮೇಲೆ ಚೆಂಡು ಗರಗರ ತಿರುಗಬೇಕು ಅನ್ನುವುದು ಬಲ್ಲವರ ಶಾಸ್ತ್ರ. ಇವರ ಚೆಂಡು ಅಷ್ಟು ತಿರುಗುತ್ತಿರಲಿಲ್ಲ. ಇವರೆಂಥ ಸ್ಪಿನ್ನರ್ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ಆದರೆ ಅವರಿಗೆ ಎತ್ತರವಿತ್ತು, ಚೆಂಡಿಗೆ ವೇಗವಿತ್ತು, ಪುಟಿತವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಜಾಗಕ್ಕೆ ಚೆಂಡು ಹಾಕುತ್ತ ಹೋಗುವ ತಾಳ್ಮೆ ಇತ್ತು. ಇಲ್ಲದ ತಿರುವಿಗಾಗಿ ಅಳುತ್ತ ಕೂರದೆ ಇದ್ದದ್ದರಲ್ಲೇ ಆಟ ಕಟ್ಟಿದರು. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟು ಒಬ್ಬರೇ ಕಿತ್ತರು, 74 ರನ್ ಕೊಟ್ಟು. 2008ರಲ್ಲಿ ಆಟ ಬಿಟ್ಟಾಗ ಟೆಸ್ಟಿನಲ್ಲಿ 619 ವಿಕೆಟ್. ಭಾರತದಲ್ಲಿ ಆ ಸಂಖ್ಯೆಯನ್ನು ಇನ್ನೂ ಯಾರೂ ದಾಟಿಲ್ಲ. ನೀನು ಟಿವಿಯಲ್ಲಿ ನೋಡಿ ಕುಣಿಯುವುದು ಆ ಹತ್ತನೇ ವಿಕೆಟ್ಟನ್ನು. ವಿಕೆಟ್ ಬೀಳದ ಓವರುಗಳೇ ಅವರ ನಿಜವಾದ ದಿನಚರಿ. ಅದು ಅವರಿಗೆ ಬೇಸರ ತರಲಿಲ್ಲ, ಅದಕ್ಕೇ ಅವರು ಕುಂಬ್ಳೆ.

ಇದೇ ಕಣ್ಣಿನಿಂದ ಉಳಿದ ಉದ್ಯೋಗಗಳನ್ನೂ ನೋಡು. ವಕೀಲಿಕೆ ಅಂದರೆ ಸಿನಿಮಾದ ಹಾಗೆ ಮೇಜು ಕುಟ್ಟಿ ಅಬ್ಬರಿಸುವುದಲ್ಲ. ತಾಲ್ಲೂಕು ಕೋರ್ಟಿಗೆ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊ, ಯಾರೂ ಬೇಡ ಅನ್ನುವುದಿಲ್ಲ. ಪಹಣಿ, ಮ್ಯುಟೇಷನ್, ಹಳೆಯ ಕ್ರಯಪತ್ರಗಳ ಕಟ್ಟು ಬಿಚ್ಚಿ ಒಂದು ಸರ್ವೆ ನಂಬರಿನ ಬೆನ್ನು ಹತ್ತುವುದು, ಕೊನೆಗೆ ಮುಂದಿನ ತಾರೀಕು ತೆಗೆದುಕೊಂಡು ಎದ್ದುಬರುವುದು. ಅದನ್ನು ನೋಡಿ ನಿನಗೆ ಆ ಕಾಗದದೊಳಗೆ ಇಣುಕಬೇಕು ಅನ್ನಿಸಿತೋ, ನೀನು ವಕೀಲನಾಗುತ್ತೀಯ. ಆಕಳಿಕೆ ಬಂತೋ, ಎದ್ದು ಕಾಫಿ ಕುಡಿದು ಮನೆಗೆ ಬಾ. ಸಾಫ್ಟ್‌ವೇರ್ ಅಂದರೆ ಬಣ್ಣಬಣ್ಣದ ಕ್ಯಾಂಪಸ್ಸು, ಕ್ಯಾಬು ಮಾತ್ರ ಅಲ್ಲ. ಯಾರೋ ಎಂದೋ ಬರೆದು ಬಿಟ್ಟುಹೋದ ಕೋಡ್‌ನಲ್ಲಿ ಎಲ್ಲಿ ತಪ್ಪಿದೆ ಎಂದು ಸಾಲುಸಾಲು ಜಾಲಾಡುವುದು. ಸಿಎ ಅಂದರೆ ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಮೂರು ಮೆಟ್ಟಿಲು, ನಡುವೆ ಎರಡು ವರ್ಷ ಆರ್ಟಿಕಲ್‌ಶಿಪ್. ಆ ಎರಡು ವರ್ಷ ಬೇರೆಯವರ ಬಿಲ್ಲು, ರಸೀತಿಗಳ ನಡುವೆಯೇ ವಾಸ. ಎಂಬಿಬಿಎಸ್ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬಿಳಿ ಕೋಟು ಎಲ್ಲರಿಗೂ ಚಂದ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಕೊನೆಗೆ ನಿಂತ ಮುದುಕಪ್ಪನ ಕೆಮ್ಮನ್ನೂ ಮೊದಲನೆಯವನ ಕೆಮ್ಮಿನಷ್ಟೇ ಗಮನ ಕೊಟ್ಟು ಕೇಳಬಲ್ಲೆಯಾ? ರಕ್ತ ಕಂಡರೆ ತಲೆ ಸುತ್ತುವುದು ರೂಢಿಯಾದರೆ ಹೋದೀತು, ಜನರ ಗೋಳು ಕೇಳಿದರೆ ಕಿರಿಕಿರಿಯಾಗುವ ಸ್ವಭಾವ ಅಷ್ಟು ಬೇಗ ಹೋಗುವುದಿಲ್ಲ.

ನನ್ನ ಕಸುಬಿನದೂ ಹೇಳಿಬಿಡುತ್ತೇನೆ. ಪಾಠ ಹೇಳುವುದು ಸುಖ. ಒಂದು ತರಗತಿಯ ಅಷ್ಟೂ ನೋಟ್‌ಬುಕ್ಕು ತಿದ್ದುವುದು ಕೆಲಸ. ಕೊನೆಯ ಪುಸ್ತಕದ ಹುಡುಗನಿಗೂ ಮೊದಲನೆಯವನಿಗೆ ಕೊಟ್ಟಷ್ಟೇ ನ್ಯಾಯ ಕೊಡುವ ಮನಸ್ಸಿದ್ದರೆ ಮೇಷ್ಟ್ರಾಗು. ಬರೇ ಮಾತಾಡುವ ಚಪಲವಿದ್ದರೆ ಬೇರೆ ದಾರಿಗಳು ಬೇಕಾದಷ್ಟಿವೆ, ರಾಜಕೀಯವೂ ಇದೆ.

ನೀನು ಹೆಸರೇ ಕೇಳಿರದ ಕೆಲಸಗಳೂ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅಲ್ಲಿ ಪದವಿ ಕೋರ್ಸ್ ಉಂಟು. ಕಿವಿ ಕೇಳದ, ಮಾತು ಬಾರದ ಮಗುವಿನ ಎದುರು ಕೂತು ಒಂದೇ ಶಬ್ದವನ್ನು ಹೊರಡಿಸಲು ವಾರಗಟ್ಟಲೆ ಪ್ರಯತ್ನಿಸುವ ಕೆಲಸ. ಮನೆಯಲ್ಲಿ ಸಣ್ಣ ಮಕ್ಕಳೆಲ್ಲ ನಿನ್ನ ಬೆನ್ನಿಗೇ ಬೀಳುತ್ತಾರೆ ಅಂತಿಟ್ಟುಕೊ, ಅದು ನಿನ್ನ ಜಾಗವಿರಬಹುದು. ಬೀಜ ನೋಡಿ ಬೆಳೆ ಹೇಳಬಲ್ಲೆಯಾದರೆ ಕೃಷಿ ಪದವಿಯ ಕಡೆ ತಿರುಗು. ಅಲ್ಲಿ ಕೃಷಿಕರ ಮಕ್ಕಳಿಗೆ ಮೀಸಲು ಸೀಟೂ ಇದೆ, ಅದಕ್ಕೆ ಬೇರೆಯೇ ಪ್ರಾಯೋಗಿಕ ಪರೀಕ್ಷೆಯೂ ಇದೆ. ಗದ್ದೆಯಲ್ಲಿ ಬೆಳೆದದ್ದಕ್ಕೂ ಅಂಕ ಸಿಗುವ ಜಾಗ ಅದು. ಅರಣ್ಯವಿಜ್ಞಾನ ಓದಲು ಶಿರಸಿ, ಪೊನ್ನಂಪೇಟೆ ಇವೆ. ನಾಟಕದ ಹುಚ್ಚಿದ್ದರೆ ಹೆಗ್ಗೋಡಿನ ನೀನಾಸಂ ಇದೆ. ಅಲ್ಲಿಗೆ ಹೋದರೆ ಬಣ್ಣ ಹಚ್ಚುವುದಕ್ಕೆ ಮುಂಚೆ ರಂಗ ಗುಡಿಸುವುದನ್ನೂ ಕಲಿಯಬೇಕಾಗುತ್ತದೆ, ಅದೂ ನೆನಪಿರಲಿ.

ಮೊಬೈಲಿನಲ್ಲಿ ಇಪ್ಪತ್ತು ಪ್ರಶ್ನೆಗೆ ಉತ್ತರಿಸಿ "ತಾತ, ನಾನು ಹುಟ್ಟು ನಾಯಕನಂತೆ" ಎಂದು ತೋರಿಸುತ್ತೀಯಲ್ಲ, ನಗು ಬರುತ್ತದೆ. ನಾಯಕನಾದರೆ ಮೊದಲು ಹಾಸಿಗೆ ಮಡಚು. ತಿಳಿದವರು ಕೂರಿಸಿಕೊಂಡು ಮಾಡುವ ಆಪ್ಟಿಟ್ಯೂಡ್ ಪರೀಕ್ಷೆಯಿಂದ ಅಷ್ಟಿಷ್ಟು ಸುಳಿವು ಸಿಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮೊಬೈಲಿನಲ್ಲಿ ನೀನು ಟಿಕ್ ಮಾಡುವುದು ಹೇಗಿದ್ದೀಯ ಎಂದಲ್ಲ, ಹೇಗಿರಬೇಕೆಂದು ಆಸೆಪಡುತ್ತೀಯ ಎಂದು. ನಿನ್ನನ್ನು ದಿನಾ ನೋಡುವ ಅಮ್ಮ, ಅಣ್ಣ, ಹಾಸ್ಟೆಲಿನ ರೂಮ್‌ಮೇಟ್ ಇವರನ್ನು ಕೇಳು. ಹೊಗಳಿಕೆ ಬೇಡ, ಒಂದು ಘಟನೆ ಹೇಳಿ ಅನ್ನು. "ನೀನು ಒಳ್ಳೆಯವನು" ಅಂದರೆ ಪ್ರಯೋಜನವಿಲ್ಲ. "ಅವತ್ತು ಬಸ್ಸು ಕೆಟ್ಟಾಗ ನೀನು ಹೀಗೆ ಮಾಡಿದೆ" ಅಂದರೆ ಅದು ಸಾಕ್ಷಿ.

ಪರೀಕ್ಷಕರ ಮಾತಿಗೂ ಒಂದು ಮಿತಿ ಇದೆ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಸಣ್ಣಂದಿನಿಂದ ಸಿಕ್ಕಲ್ಲೆಲ್ಲ ಚಿತ್ರ ಬಿಡಿಸುತ್ತಿದ್ದವರು, ಅದರಲ್ಲೂ ಕಾಗೆಗಳ ಮೇಲೆ ವಿಶೇಷ ಪ್ರೀತಿ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುತ್ತಿಲ್ಲ ಎಂದು ಉತ್ತರ ಬಂತು. ಅವರು ಮೈಸೂರಿನಲ್ಲೇ ಬಿ.ಎ. ಓದಿದರು. ಓದುತ್ತಲೇ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದರು, ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಆಮೇಲೆ ಅದೇ ಮುಂಬಯಿಯಲ್ಲಿ ಕೂತು ದಶಕಗಳ ಕಾಲ ದಿನಕ್ಕೊಂದು ವ್ಯಂಗ್ಯಚಿತ್ರ ಕೊಟ್ಟು, ಚೌಕಳಿ ಕೋಟಿನ ಶ್ರೀಸಾಮಾನ್ಯನನ್ನು ದೇಶದ ಮನೆಮಗ ಮಾಡಿದರು. ಇದನ್ನು ಹೇಳಿದ ತಕ್ಷಣ ನೀನು "ನನ್ನನ್ನೂ ತಿರಸ್ಕರಿಸಿದ್ದಾರೆ, ನಾನೂ ಲಕ್ಷ್ಮಣ್" ಅನ್ನಬೇಡ. ತಿರಸ್ಕಾರ ಎಲ್ಲರಿಗೂ ಸಿಗುತ್ತದೆ. ಆ ಪತ್ರ ಬಂದ ಮೇಲೂ ಅವರ ಕೈ ನಿಲ್ಲಲಿಲ್ಲ, ಗಮನಿಸಬೇಕಾದದ್ದು ಅದನ್ನು. ಬೇಡ ಅಂದಮೇಲೂ ನೀನು ಮಾಡುತ್ತಲೇ ಇರುವ ಕೆಲಸ ಯಾವುದಾದರೂ ಇದೆಯಾ?

ಇಷ್ಟೆಲ್ಲ ಹೇಳುವಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತಲೇ ಇದೆ. ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಮನೆಯ ಸಾಲ, ಅಪ್ಪನ ಕಾಯಿಲೆ, ತಂಗಿಯ ಓದು ಇವು ನಿನ್ನ ಒಲವನ್ನು ಕೇಳಿ ಬರುವುದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರಿಗೆ ಯಾರು ಕೌನ್ಸೆಲಿಂಗ್ ಮಾಡಿದ್ದರು? ಹಾಲಕ್ಕಿ ಒಕ್ಕಲಿನ ಬಡ ಮನೆ, ಸಣ್ಣ ವಯಸ್ಸಿಗೇ ತಂದೆ ಇಲ್ಲ, ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹೊಟ್ಟೆಪಾಡಿಗೆ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ಸಸಿಗೆ ನೀರು ಹಾಕುವ ಕೂಲಿ ಎಷ್ಟೋ ಜನ ಮಾಡಿದ್ದಾರೆ. ಆದರೆ ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜ ಯಾವಾಗ ಆಯಬೇಕು, ಆಯ್ದದ್ದನ್ನು ಹೇಗೆ ಮೊಳೆಯಿಸಬೇಕು ಎಂಬುದು ಅವರ ಕಣ್ಣಿಗೆ, ಕೈಗೆ ಗೊತ್ತಾಗುತ್ತಿತ್ತು. ದೊಡ್ಡ ಓದು ಓದಿದ ಅಧಿಕಾರಿಗಳು ಅವರನ್ನು ಕರೆದು ಕೇಳುವ ಹಾಗಾಯಿತು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಹಾಗಾಗಿ ಮೊದಲ ಕೆಲಸ ಮನಸ್ಸಿಗೆ ಒಪ್ಪದ್ದು ಸಿಕ್ಕಿತೆಂದು ತಲೆಮೇಲೆ ಕೈಹೊತ್ತು ಕೂರಬೇಡ. ಸೇರಿಕೊ. ಸಂಬಳ ತಗೋ, ಸಾಲ ತೀರಿಸು. ಆದರೆ ಒಳಗೆ ಹೋದಮೇಲೆ ಕಣ್ಣು ತೆರೆದಿಟ್ಟುಕೊ: ಆ ಕಚೇರಿಯಲ್ಲಿ ನಿನ್ನನ್ನು ಯಾತಕ್ಕೆ ಕರೆಯುತ್ತಾರೆ? ಕೌಂಟರಿಗೆ ಕೂರಿಸಿದ್ದರೂ ಗಲಾಟೆ ಮಾಡುವ ಗಿರಾಕಿ ಬಂದಾಗ ನಿನ್ನನ್ನೇ ಕೂಗುತ್ತಾರೋ, ಲೆಕ್ಕ ಕೂಡದಿದ್ದಾಗ ನಿನ್ನ ಮೇಜಿಗೇ ಬರುತ್ತಾರೋ? ಕರೆ ಎತ್ತ ಬರುತ್ತದೋ ಅತ್ತ ಒಂದೊಂದೇ ಹೆಜ್ಜೆ ಸರಿ. ಒಂದು ವರ್ಷ ನೋಡು, ಎರಡು ವರ್ಷ ನೋಡು. ಮೂರೇ ತಿಂಗಳಿಗೆ "ಇದು ನನಗಲ್ಲ" ಎಂದು ರಾಜೀನಾಮೆ ಬರೆಯುವುದು ಅವಸರ. ಹೊಸಬರಿಗೆ ಯಾವ ಕೆಲಸವೂ ರುಚಿಸುವುದಿಲ್ಲ, ಕೈ ಕುದುರಿದ ಮೇಲೆ ತಾನೇ ರುಚಿ ಹತ್ತುವುದು.

ಇನ್ನು ಅಪ್ಪ. ಅವರು ಶತ್ರುವಲ್ಲ ಮಾರಾಯ. ಅವರಿಗೆ ನಿನ್ನ ಶಕ್ತಿಯ ಬಗ್ಗೆ ಅನುಮಾನವಿಲ್ಲ, ನಿನ್ನ ಊಟದ ಬಗ್ಗೆ ಚಿಂತೆ. "ನನಗೆ ಅನಿಮೇಷನ್ ಪ್ಯಾಷನ್" ಎಂದು ಬಾಗಿಲು ಬಡಿದುಕೊಂಡರೆ ಅವರ ಚಿಂತೆ ಕಡಿಮೆಯಾಗುವುದಿಲ್ಲ. ಕೋರ್ಸ್ ಎಲ್ಲಿದೆ, ಫೀಸೆಷ್ಟು, ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ನೀನು ಇದುವರೆಗೆ ಮಾಡಿದ್ದೇನು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮುಂದಿಡು. ಆಗ ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ. ಒಂದೆರಡು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಬಂತು ಅಂದರೆ ಅರ್ಧ ಒಪ್ಪಿದ ಹಾಗೆ. ಜೊತೆಗೆ ತಾತನನ್ನೋ ಅತ್ತೆಯನ್ನೋ ಕೂರಿಸಿಕೊಂಡರೆ ಇನ್ನರ್ಧವೂ ಸಲೀಸು.

ಸಿಇಟಿ ಆಪ್ಷನ್ ಎಂಟ್ರಿಗೆ ಇನ್ನೂ ದಿನಗಳಿವೆ. ನೀನು ಬರೆಯಬೇಕೆಂದಿರುವ ಮೊದಲ ಎರಡು ಕೋರ್ಸುಗಳ ಕೆಲಸ ಮಾಡುತ್ತಿರುವ ಒಬ್ಬೊಬ್ಬರನ್ನು ಹುಡುಕು, ಒಂದು ಇಡೀ ದಿನ ಅವರ ಪಕ್ಕ ನಿಂತು ನೋಡು. ಕೆಲಸದ ರಗಳೆ ಏನು ಎಂದು ನೇರವಾಗಿ ಕೇಳು, ಹೇಳದೆ ಇರುವವರು ಕಡಿಮೆ. ಆಮೇಲೆ ಪಟ್ಟಿ ತುಂಬು. ಕೊನೆಯ ದಿನ ರಾತ್ರಿ ಸೈಬರ್ ಸೆಂಟರಿನಲ್ಲಿ ಕೂತು ಪಕ್ಕದವನ ಸ್ಕ್ರೀನ್ ನೋಡಿಕೊಂಡು ಮಾತ್ರ ತುಂಬಬೇಡ.